ಟ್ರಿಗರ್‌ರಾಯರು

ಮುಹೂರ್ತದ ಹೊತ್ತಿಗೆ ಎಲ್ಲರ ಕಣ್ಣೂ ವಧೂವರರ ಮೇಲಿದ್ದರೆ ಒಬ್ಬರ ಕಣ್ಣು ಮಾತ್ರ ಫೋಟೋಗ್ರಾಫರನ ಕ್ಯಾಮೆರಾದ ನೆತ್ತಿಯ ಮೇಲಿರುತ್ತದೆ. ಗಟ್ಟಿಮೇಳ ಮೊಳಗಿ ನಿಂತರೂ ಅವರ ಕೈಯ ಅಕ್ಷತೆ ಕೈಯಲ್ಲೇ ಇರುತ್ತದೆ. ಮಾಂಗಲ್ಯಧಾರಣೆ ಮುಗಿದದ್ದೇ ತಡ, ಮಂಟಪದ ಬದಿಯಿಂದ ನುಸುಳಿ, ಬೆವರೊರೆಸಿಕೊಳ್ಳುತ್ತಿರುವ ಆ ಹುಡುಗನ ಕಿವಿಯ ಹತ್ತಿರ ಬಾಗಿ, “ಯಾವ ಟ್ರಿಗರ್ರು? ಎಷ್ಟು ಕೊಟ್ರಿ?” ಎಂದು ಕೇಳುತ್ತಾರೆ. ಹುಡುಗ ಎಷ್ಟಾದರೂ ಹೇಳಲಿ, “ಅಯ್ಯೋ, ಚೆನ್ನಾಗಿ ಟೋಪಿ ಹಾಕಿದಾರೆ ನಿಮಗೆ” ಎಂಬುದೇ ಉತ್ತರ. ಅಷ್ಟು ಹೇಳಿ ಅವರು ಊಟದ ಪಂಕ್ತಿಗೆ ನಡೆಯುತ್ತಾರೆ. ಮದುಮಗಳ ಸೀರೆ ಯಾವ ಬಣ್ಣದ್ದೆಂದು ಕೇಳಿದರೆ ಅವರಿಗೆ ಗೊತ್ತಿರುವುದಿಲ್ಲ.

ಇಂಥವರು ಊರಿಗೊಬ್ಬರಿದ್ದಾರೆ, ಬೆಂಗಳೂರಿನಲ್ಲಾದರೆ ಬಡಾವಣೆಗೊಬ್ಬರು. ಬ್ಯಾಂಕಿನಿಂದ ನಿವೃತ್ತರಾದವರಿರಬಹುದು, ಫಿಸಿಕ್ಸ್ ಮೇಷ್ಟ್ರಿರಬಹುದು, ಸಾಫ್ಟ್‌ವೇರ್ ಕಂಪನಿಯ ಮ್ಯಾನೇಜರಿರಬಹುದು. ನಾವು ಎಲ್ಲರನ್ನೂ ಸೇರಿಸಿ ಟ್ರಿಗರ್‌ರಾಯರು ಅನ್ನೋಣ.

ರಾಯರ ಮತದಲ್ಲಿ ಮಹಾಪಾತಕ ಒಂದೇ: ಫ್ಲ್ಯಾಶನ್ನು ಕ್ಯಾಮೆರಾದ ತಲೆಯ ಮೇಲೆ ಕೂರಿಸಿ ನೇರ ಮುಖಕ್ಕೆ ಹೊಡೆಯುವುದು. ಹಾಗೆ ಹೊಡೆದರೆ ಹಣೆ ಮಿರಮಿರ ಮಿಂಚುತ್ತದೆ, ಮೂಗು ಚಪ್ಪಟೆಯಾಗುತ್ತದೆ, ಹಿಂದಿನ ಗೋಡೆಯ ಮೇಲೆ ಕರೀ ನೆರಳೊಂದು ಕರೆಯದೆ ಬಂದು ನಿಲ್ಲುತ್ತದೆ. ಅದೇ ಫ್ಲ್ಯಾಶನ್ನು ಪಕ್ಕಕ್ಕೆ, ಆಳೆತ್ತರಕ್ಕಿಂತ ಒಂಚೂರು ಮೇಲೆ, ಬಿಳಿ ಕೊಡೆಯ ಮೂಲಕ ಬಿಟ್ಟರೆ ಅದೇ ಮುಖಕ್ಕೆ ಕೆನ್ನೆ ಬರುತ್ತದೆ, ಗಲ್ಲ ಬರುತ್ತದೆ, ಇಲ್ಲದ ಗಾಂಭೀರ್ಯವೂ ಬರುತ್ತದೆ. ಇಷ್ಟರಲ್ಲಿ ರಾಯರ ಮಾತು ಅಪ್ಪಟ ಸತ್ಯ. ಬಾಲ್ಟಿಮೋರ್ ಸನ್ ಪತ್ರಿಕೆಯ ಛಾಯಾಗ್ರಾಹಕರಾಗಿದ್ದ ಡೇವಿಡ್ ಹಾಬಿ 2006ರಲ್ಲಿ ‘ಸ್ಟ್ರೋಬಿಸ್ಟ್’ ಎಂಬ ಹೆಸರಿನಲ್ಲಿ ಬರೆಯತೊಡಗಿ, ದೊಡ್ಡ ಸ್ಟುಡಿಯೋ ದೀಪಗಳಿಲ್ಲದೆಯೂ ಅಂಗೈಯಲ್ಲಿ ಹಿಡಿಯುವ ಫ್ಲ್ಯಾಶಿನಿಂದಲೇ ಎಂಥ ಬೆಳಕು ಕಟ್ಟಬಹುದೆಂದು ಜಗತ್ತಿನ ಹವ್ಯಾಸಿಗಳಿಗೆಲ್ಲ ಪಾಠ ಹೇಳಿದರು. ಪಾಠ ಇದ್ದದ್ದು ಬೆಳಕಿನ ಬಗ್ಗೆ. ರಾಯರು ಹಿಡಿದುಕೊಂಡದ್ದು ಅದರ ಅಡಿಟಿಪ್ಪಣಿಯನ್ನು: ದೂರ ನಿಲ್ಲಿಸಿದ ಫ್ಲ್ಯಾಶಿಗೆ ‘ಈಗ ಹೊಡಿ’ ಎಂದು ಹೇಳುವವರು ಯಾರು? ಅವರಿಗೆ ಕೊಡಬೇಕಾದ ಕನಿಷ್ಠ ಕೂಲಿ ಎಷ್ಟು?

ಉತ್ತರ ಆಗಲೇ ಇತ್ತು. ಪಾಕೆಟ್‌ವಿಝಾರ್ಡ್ ಎಂಬ ಅಮೆರಿಕದ ರೇಡಿಯೋ ಟ್ರಿಗರನ್ನು ವೃತ್ತಿಪರರು ಕಣ್ಣುಮುಚ್ಚಿ ನಂಬುತ್ತಿದ್ದರು. ಆದರೆ ಒಂದೊಂದಕ್ಕೆ ನೂರೈವತ್ತು ಡಾಲರಿಗೂ ಮೇಲೆ. ಒಂದು ತಂದರೆ ಸಾಲದು, ಹೇಳುವುದಕ್ಕೊಂದು, ಕೇಳಿಸಿಕೊಳ್ಳುವುದಕ್ಕೊಂದು ಬೇಕು. “ಮೂಗಿಗಿಂತ ಮೂಗುತಿ ಭಾರ” ಎಂದು ರಾಯರ ಶ್ರೀಮತಿ ಒಂದೇ ಮಾತಿನಲ್ಲಿ ಆ ಪ್ರಕರಣ ಮುಗಿಸಿದರು. ಅಂದಿನಿಂದ ರಾಯರ ಅಗ್ಗದ ಅನ್ವೇಷಣೆ ಮೊದಲಾಯಿತು.

ಮೊದಲು ಬಂದದ್ದು ವಯರು. ಕ್ಯಾಮೆರಾದಿಂದ ಫ್ಲ್ಯಾಶಿನವರೆಗೆ ಉದ್ದನೆಯ ಸಿಂಕ್ ಕೇಬಲ್. ಕೆಲಸ ಮಾತ್ರ ಖಚಿತ, ಎಂದೂ ತಪ್ಪಿದ್ದಿಲ್ಲ. ಆದರೆ ನಾಮಕರಣದ ಮನೆಯಲ್ಲಿ ಕೋಸಂಬರಿ ಬಡಿಸುತ್ತಿದ್ದ ಸೋದರತ್ತೆಯ ಕಾಲಿಗೆ ಅದು ಸುತ್ತಿಕೊಂಡ ಮೇಲೆ ವಯರು ಮನೆಯೊಳಗೆ ನಿಷಿದ್ಧವಾಯಿತು.

ಆಮೇಲೆ ಆಪ್ಟಿಕಲ್ ಸ್ಲೇವ್. ಬೇರೊಂದು ಫ್ಲ್ಯಾಶ್ ಮಿಂಚಿದ್ದು ಕಂಡೊಡನೆ ತಾನೂ ಮಿಂಚುವ ಪುಟ್ಟ ಕಣ್ಣು. ಬೆಲೆ ಅಗ್ಗ, ಬ್ಯಾಟರಿಯೂ ಬೇಡ. ರಾಯರು ಅದನ್ನು ಹೊಗಳಿ ಬೀದಿಗೆಲ್ಲ ಸಾರಿದರು. ಕಲ್ಯಾಣಮಂಟಪಕ್ಕೆ ಒಯ್ದಾಗ ಗೊತ್ತಾಯಿತು, ಅದಕ್ಕೆ ಯಜಮಾನ ಯಾರೆಂಬ ವಿವೇಕವೇ ಇಲ್ಲ. ಯಾವ ಮೂಲೆಯಲ್ಲಿ ಯಾವ ಭಾವಮೈದ ಕ್ಯಾಮೆರಾ ಒತ್ತಿದರೂ ರಾಯರ ಫ್ಲ್ಯಾಶ್ ಪಟಾರನೆ ಹೊಡೆದು ಸುಸ್ತಾಗುತ್ತಿತ್ತು. ಬೆಳಕಿನ ಅಳತೆಗೆಂದು ಕ್ಯಾಮೆರಾಗಳು ಮೊದಲೇ ಬಿಡುವ ಸಣ್ಣ ಮಿಂಚಿಗೂ ಅದು ಓಗೊಡುತ್ತಿತ್ತು, ಶಟರ್ ತೆರೆಯುವ ಹೊತ್ತಿಗೆ ಒಳಗೆ ಏನೂ ಉಳಿದಿರುತ್ತಿರಲಿಲ್ಲ. ಇನ್ನು ಹೊರಗೆ, ಲಾಲ್‌ಬಾಗಿನ ಮಟಮಟ ಮಧ್ಯಾಹ್ನದಲ್ಲಿ, ಅದರ ಕಣ್ಣೇ ಮಂಜಾಗುತ್ತಿತ್ತು.

ಮೂರನೆಯದು ರೇಡಿಯೋ. ಕಡ್ಡಿಪೆಟ್ಟಿಗೆಯಷ್ಟಿದ್ದ, ನಾಲ್ಕು ಚಾನೆಲ್ಲಿನ, 433 ಮೆಗಾಹರ್ಟ್ಸಿನ ಚೀನಾ ಮಾಲು. ಕ್ಯಾಮೆರಾದ ಮೇಲೆ ಕೂರುವ ತುಣುಕಿಗೆ 23ಎ ಎಂಬ 12 ವೋಲ್ಟಿನ ಗಿಡ್ಡ ಬ್ಯಾಟರಿ. ಭಾನುವಾರ ಸಂಜೆ ಅದು ಮುಗಿದರೆ ಯಾವ ಅಂಗಡಿಯಲ್ಲಿ ಸಿಗಬೇಕು? ಆದರೆ ವಯರಿಲ್ಲದ ಕರೆಗಂಟೆಯ ಗುಂಡಿಯೊಳಗೂ ಅದೇ ಬ್ಯಾಟರಿ ಇರುತ್ತದೆ ಎಂಬ ಮಹಾಸತ್ಯ ರಾಯರಿಗೆ ಹೊಳೆಯಿತು. ಆಮೇಲೆ ಅವರ ಮನೆಗೆ ಬಂದವರು ಬಾಗಿಲು ಬಡಿಯಬೇಕಾಯಿತು. ಬೆಲ್ ಯಾಕೆ ಕೆಟ್ಟಿದೆ ಎಂದು ಕೇಳಿದರೆ ಶ್ರೀಮತಿಯವರು, “ಕೆಟ್ಟಿಲ್ಲ, ಫೋಟೋಗ್ರಫಿಗೆ ಹೋಗಿದೆ” ಎನ್ನುತ್ತಿದ್ದರು. ಟ್ರಿಗರಾದರೂ ನೆಟ್ಟಗಿತ್ತೆ? ನಾಲ್ಕು ಸಲ ಹೊಡೆದರೆ ಐದನೆಯ ಸಲ ಮೌನ. ಒಮ್ಮೊಮ್ಮೆ ಯಾರೂ ಒತ್ತದೆಯೇ ಮಿಂಚಿ ಬೆಕ್ಕನ್ನು ಬೆಚ್ಚಿಬೀಳಿಸುತ್ತಿತ್ತು. ರಾಯರು ಎದುರುಮನೆಯವರ ಕಾರಿನ ರಿಮೋಟಿನ ಮೇಲೆ ಅನುಮಾನಪಟ್ಟು ಅವರೊಡನೆ ಮಾತು ಬಿಟ್ಟರು.

ಅಷ್ಟರಲ್ಲಿ 2.4 ಗಿಗಾಹರ್ಟ್ಸಿನ ಕಾಲ ಬಂತು. ಯೋಂಗ್‌ನುವೊ ಕಂಪನಿಯ ಆರ್‌ಎಫ್-603 ಬಂದಾಗ ರಾಯರಂಥವರಿಗೆಲ್ಲ ಹಬ್ಬ. ಒಂದೇ ತುಣುಕು ಹೇಳಲೂ ಬಲ್ಲದು, ಕೇಳಲೂ ಬಲ್ಲದು. ಹದಿನಾರು ಚಾನೆಲ್, ಮಾಮೂಲಿ ಟ್ರಿಪಲ್-ಎ ಸೆಲ್, ಪಾಕೆಟ್‌ವಿಝಾರ್ಡಿನ ಬೆಲೆಯ ಸಣ್ಣದೊಂದು ಪಾಲು. ಕರೆಗಂಟೆಗೆ ಬಿಡುಗಡೆ ಸಿಕ್ಕಿತು. ಆದರೆ ಅದು ‘ಹೊಡಿ’ ಎನ್ನಬಲ್ಲದೇ ಹೊರತು ‘ಇಷ್ಟೇ ಹೊಡಿ’ ಎನ್ನಲಾರದು. ಬೆಳಕು ಹೆಚ್ಚಾಯಿತೆಂದರೆ ರಾಯರು ಫ್ಲ್ಯಾಶಿನ ತನಕ ನಡೆದು ಗುಂಡಿ ಒತ್ತಿ ಮರಳಬೇಕು, ಕಡಿಮೆಯಾಯಿತೆಂದರೆ ಮತ್ತೆ ನಡೆಯಬೇಕು. ವೈದ್ಯರು ದಿನಾ ವಾಕಿಂಗ್ ಹೋಗಿ ಎಂದಿದ್ದರಾದ್ದರಿಂದ ಅದನ್ನೂ ಅವರು ಉಳಿತಾಯದ ಲೆಕ್ಕಕ್ಕೇ ಬರೆದುಕೊಂಡರು.

ಮುಂದೆ ರೇಡಿಯೋ ಫ್ಲ್ಯಾಶಿನ ಹೊಟ್ಟೆಯೊಳಗೇ ಸೇರಿತು. ಯೋಂಗ್‌ನುವೊದ ವೈಎನ್-560ರ ಮೂರನೇ ಅವತಾರದಲ್ಲಿ, ಆಮೇಲೆ ಗೋಡಾಕ್ಸಿನ ಟಿಟಿ-600ರಲ್ಲಿ ಬೇರೆ ರಿಸೀವರೇ ಬೇಡ. ಕ್ಯಾಮೆರಾದ ಮೇಲಿನ ಟ್ರಿಗರಿನಿಂದಲೇ ಬೆಳಕನ್ನು ಏರಿಸಬಹುದು, ಇಳಿಸಬಹುದು. ಇಷ್ಟಾದ ಮೇಲೆ ಯಾರಾದರೂ ನೆಮ್ಮದಿಯಾಗಿ ಫೋಟೋ ತೆಗೆಯುತ್ತಿದ್ದರು. ರಾಯರು ಮಾತ್ರ ಒಂದು ಕಂಪನಿಯ ಫ್ಲ್ಯಾಶನ್ನು ರಿಯಾಯಿತಿಯಲ್ಲಿ, ಇನ್ನೊಂದು ಕಂಪನಿಯ ಟ್ರಿಗರನ್ನು ಇನ್ನೂ ದೊಡ್ಡ ರಿಯಾಯಿತಿಯಲ್ಲಿ ತಂದರು. ಎರಡೂ 2.4 ಗಿಗಾಹರ್ಟ್ಸೇ, ಆದರೆ ಒಂದರ ಸಂಕೇತ ಇನ್ನೊಂದಕ್ಕೆ ಅರ್ಥವಾಗದು. ಅವು ಅತ್ತೆ-ಸೊಸೆಯರ ಹಾಗೆ ಒಂದೇ ಮನೆಯಲ್ಲಿದ್ದೂ ಮಾತಾಡದೆ ಕೂತವು. ಈಗ ಅವೆರಡೂ ಹಳೆಯ ಬಿಸ್ಕತ್ ಡಬ್ಬಿಯಲ್ಲಿವೆ. ಆ ಡಬ್ಬಿಯಲ್ಲಿ ಟ್ರಿಗರುಗಳ ಇತಿಹಾಸವೆಲ್ಲ ಮಲಗಿದೆ.

ರಾಯರ ಖರೀದಿಯ ಸಂಭ್ರಮವನ್ನು ನೋಡಬೇಕಾದರೆ ಅವರ ಹಿಂದೆ ಎಸ್.ಪಿ. ರಸ್ತೆಗೋ ಗಾಂಧಿನಗರದ ನ್ಯಾಷನಲ್ ಮಾರ್ಕೆಟ್ಟಿಗೋ ಹೋಗಬೇಕು. ಜೇಬಿನಲ್ಲಿ ಬೆಲೆಗಳ ಪಟ್ಟಿ, ಚೀಲದಲ್ಲಿ ಮಲ್ಟಿಮೀಟರು. ಹಳೆಯ ಫ್ಲ್ಯಾಶ್ ಕಂಡರೆ ಬುಡಕ್ಕೆ ಮೀಟರಿನ ಕಡ್ಡಿ ಚುಚ್ಚಿ ವೋಲ್ಟೇಜ್ ನೋಡುತ್ತಾರೆ. ಫಿಲ್ಮ್ ಕಾಲದ ಕೆಲವು ಫ್ಲ್ಯಾಶುಗಳ ಪಾದದಲ್ಲಿ ಇನ್ನೂರು ವೋಲ್ಟಿಗೂ ಮೇಲಿರುತ್ತದೆ, ಅದನ್ನು ಡಿಜಿಟಲ್ ಕ್ಯಾಮೆರಾದ ಮೇಲೆ ಕೂರಿಸಿದರೆ ಕ್ಯಾಮೆರಾ ಸುಟ್ಟೀತು. ಇಷ್ಟು ಬಲ್ಲವರು ಅಂಗಡಿಯಲ್ಲೂ ಕಡಿಮೆ. ಆದರೆ ಇಷ್ಟು ಬಲ್ಲವರೇ ಹೊಸ ಟ್ರಿಗರಿನ ಮುಂದೆ ನಿಂತು ಮೂವತ್ತೆರಡು ಚಾನೆಲ್ಲು ಇದೆಯೇ, ಐದು ಗ್ರೂಪು ಇದೆಯೇ ಎಂದು ವಿಚಾರಿಸುತ್ತಾರೆ. ಮನೆಯಲ್ಲಿ ಕೆಲಸ ಮಾಡುವ ಫ್ಲ್ಯಾಶ್ ಇರುವುದು ಒಂದೇ. ಕೊನೆಗೆ, “ಮುಂದಿನ ಮಾಡೆಲ್ ಬಂದಾಗ ಇದರ ರೇಟು ಬೀಳತ್ತೆ” ಎಂದು ಬರಿಗೈಯಲ್ಲಿ ಹೊರಟು, ಎದುರಿನ ಹೋಟೆಲಿನಲ್ಲಿ ಬೈಟು ಕಾಫಿ ಕುಡಿಯುತ್ತಾರೆ.

ಅವರ ಮನೆಯ ಎಕ್ಸೆಲ್ ಹಾಳೆಯಲ್ಲಿ ಪ್ರತಿ ಟ್ರಿಗರಿನ ಎದುರಿಗೂ ‘ಉಳಿತಾಯ’ ಎಂಬ ಕಾಲಂ ಇದೆ. ಅದನ್ನು ಪೈಸೆ ಬಿಡದೆ ಕೂಡಿಸಿದ್ದಾರೆ. ಖರ್ಚಿನ ಕಾಲಂ ಕೂಡಿಸಿಲ್ಲ.

ಬಡಾವಣೆಯ ಹುಡುಗರು ಸಲಹೆಗೆ ಬರುತ್ತಾರೆ, ರಾಯರು ಧಾರಾಳವಾಗಿ ಕೊಡುತ್ತಾರೆ. ಒಬ್ಬ ಹುಡುಗನಿಗೆ, “ನಡುವೆ ಒಂದೇ ಪಿನ್ ಇರೋದು ತಗೋ, ಯಾವ ಕ್ಯಾಮೆರಾಕ್ಕಾದ್ರೂ ಆಗತ್ತೆ” ಎಂದರು. ದಶಕಗಟ್ಟಲೆ ಬಹುಮಟ್ಟಿಗೆ ನಿಜವಾಗಿದ್ದ ಮಾತು. ಆದರೆ ಕ್ಯಾನನ್ 1500ಡಿ, 3000ಡಿಯಂಥ ಮಾದರಿಗಳಲ್ಲಿ ಫ್ಲ್ಯಾಶ್ ಕೂರುವ ಹಾಟ್‌ಶೂವಿನಲ್ಲಿ ಆ ಪಿನ್ ತಾಗುವ ನಡುವಿನ ಬಿಂದುವೇ ಇಲ್ಲ. ಹುಡುಗನ ಕ್ಯಾಮೆರಾ ಅಂಥದ್ದು. ಟ್ರಿಗರು ಕೂತಿತು, ದೀಪ ಉರಿಯಿತು, ಫ್ಲ್ಯಾಶ್ ಮಾತ್ರ ಮಿಸುಕಲಿಲ್ಲ. ಹುಡುಗ ಈಗ ರಾಯರನ್ನು ಕಂಡರೆ ರಸ್ತೆಯ ಆ ಬದಿಗೆ ಹೋಗುತ್ತಾನೆ.

ಇನ್ನು ಗೌರಿಹಬ್ಬದ ಗ್ರೂಪ್ ಫೋಟೋ. ಹಾಲಿನಲ್ಲಿ ಹಿಂದೆ ನಿಂತವರು, ಮುಂದೆ ಕುರ್ಚಿಯಲ್ಲಿ ಹಿರಿಯರು, ನೆಲದ ಮೇಲೆ ಮಕ್ಕಳು. ರಾಯರು ಸ್ಟ್ಯಾಂಡ್ ನಿಲ್ಲಿಸಿದರು, ಕೊಡೆ ಬಿಚ್ಚಿದರು, “ಒಂದ್ನಿಮಿಷ” ಎಂದು ಚಾನೆಲ್ ಹೊಂದಿಸಿದರು. ಆ ನಿಮಿಷದಲ್ಲಿ ಒಬ್ಬಟ್ಟು ತಣ್ಣಗಾಯಿತು, ಕೂಸು ಮಲಗಿತು, ಅಜ್ಜಿಯೂ ತೂಕಡಿಸಿದರು. ಕೊನೆಗೂ ಫ್ಲ್ಯಾಶ್ ಹೊಡೆಯಿತು. ಚಿತ್ರ ನೋಡಿದರೆ ಹಿಂದೆ ನಿಂತವರೆಲ್ಲ ಬೆಳಕಿನಲ್ಲಿ, ಮುಂದೆ ಕೂತವರೆಲ್ಲ ಕಗ್ಗತ್ತಲಲ್ಲಿ. ಕಾರಣ ರಾಯರಿಗೆ ಬಾಯಿಪಾಠ: ಹೆಚ್ಚಿನ ಕ್ಯಾಮೆರಾಗಳಲ್ಲಿ ಸೆಕೆಂಡಿನ 1/200 ಅಥವಾ 1/250ರ ತನಕ ಮಾತ್ರ ಶಟರಿನ ಮೊದಲ ಪರದೆ ಪೂರ್ತಿ ಸರಿದು, ಎರಡನೆಯದು ಹೊರಡುವ ಮೊದಲು, ಇಡೀ ಕಿಂಡಿ ಒಮ್ಮೆಗೇ ತೆರೆದಿರುತ್ತದೆ. ಅವರು 1/500 ಇಟ್ಟಿದ್ದರು, ಎರಡನೇ ಪರದೆ ಆಗಲೇ ಹೊರಟು ಚಿತ್ರದ ಕೆಳಭಾಗವನ್ನು ನುಂಗಿತ್ತು. ಅಗ್ಗದ ಟ್ರಿಗರು ತನ್ನ ಇರವನ್ನು ಕ್ಯಾಮೆರಾಕ್ಕೆ ತಿಳಿಸುವುದಿಲ್ಲ, ಹಾಗಾಗಿ ಕ್ಯಾಮೆರಾವೂ ತಡೆಯುವುದಿಲ್ಲ. ಈ ವಿವರಣೆ ನಡೆಯುತ್ತಿದ್ದಾಗ ಸೋದರಸೊಸೆಯೊಬ್ಬಳು ಶಟರಿನ ವೇಗ ಇಳಿಸಿ, ಸ್ಟ್ಯಾಂಡಿನಿಂದ ಫ್ಲ್ಯಾಶ್ ಕಳಚಿ, ಕ್ಯಾಮೆರಾದ ಮೇಲೆಯೇ ಕೂರಿಸಿ, ಅದರ ಕತ್ತನ್ನು ಮೇಲಕ್ಕೆ ತಿರುಗಿಸಿ, ಬಿಳಿ ಚಾವಣಿಗೆ ಹೊಡೆದಳು. ಬೆಳಕು ಮೇಲಿನಿಂದ ಹರಡಿ ಎಲ್ಲರ ಮೇಲೂ ಮೆತ್ತಗೆ ಇಳಿಯಿತು. ಅಜ್ಜಿ ಎಚ್ಚರವಾಗಿಯೇ ಸಿಕ್ಕರು. “ಅದು ಬೌನ್ಸು, ಅದೇನು ದೊಡ್ಡದಲ್ಲ” ಎಂದರು ರಾಯರು. ಗೋಡೆಗೆ ಹಾಕಿರುವುದು ಆ ಚಿತ್ರವನ್ನೇ.

ಹಾಗೆಂದು ಟ್ರಿಗರು ಬೇಡವೆಂದಲ್ಲ. ಬಯಲಿನಲ್ಲಿ ಚಾವಣಿ ಎಲ್ಲಿಂದ ಬರಬೇಕು? ಪಕ್ಕದಿಂದ ಬೆಳಕು ಬೇಕೆನ್ನುವವರು ಮೊದಲು ತಮ್ಮ ಕ್ಯಾಮೆರಾದ ಹಾಟ್‌ಶೂವನ್ನು ಕಣ್ಣಾರೆ ನೋಡಲಿ. ನಡುವಿನ ಬಿಂದು ಇಲ್ಲದಿದ್ದರೆ ಆ ಮಾದರಿಗೆ ಹೊಂದುವುದೆಂದು ಸ್ಪಷ್ಟವಾಗಿ ಬರೆದಿರುವ ಟ್ರಿಗರನ್ನೇ ಕೊಳ್ಳಲಿ. ರಿಸೀವರು ಒಳಗೇ ಇರುವ ಫ್ಲ್ಯಾಶ್, ಅದೇ ಕಂಪನಿಯ ಟ್ರಿಗರು, ಇಷ್ಟಿದ್ದರೆ ಹವ್ಯಾಸಕ್ಕೆ ಧಾರಾಳ. ನಿಂತು ಕೂತು ತೆಗೆಯುವ ಭಾವಚಿತ್ರಕ್ಕೆ ಕೈಯಿಂದ ಹೊಂದಿಸುವ ಫ್ಲ್ಯಾಶೇ ಸಾಕು. ಓಡುವ ಮಕ್ಕಳ ಹಿಂದೆ ಬೀಳುವವರಿಗೆ ಬೆಳಕನ್ನು ತಾನೇ ಅಳೆದು ಹೊಂದಿಸುವ ಟಿಟಿಎಲ್, ಉರಿಬಿಸಿಲಲ್ಲಿ ವೇಗದ ಶಟರ್ ಇಡುವವರಿಗೆ ಹೈಸ್ಪೀಡ್ ಸಿಂಕ್ ಬೇಕಾಗುತ್ತದೆ. ಅವರು ಆರಂಭದಲ್ಲೇ ನಾಲ್ಕು ಕಾಸು ಹೆಚ್ಚು ಕೊಡುವುದು ಲೇಸು, ಏಕೆಂದರೆ ಮೂರು ಸಲ ಕೊಂಡ ಅಗ್ಗದ ಮಾಲಿನಷ್ಟು ದುಬಾರಿ ಬೇರೊಂದಿಲ್ಲ. ಬ್ಯಾಟರಿ ಮಾತ್ರ ಪಕ್ಕದ ಅಂಗಡಿಯಲ್ಲಿ ಸಿಗುವಂಥದ್ದಿರಲಿ.

ನಿಮ್ಮ ಬಡಾವಣೆಯಲ್ಲೂ ಟ್ರಿಗರ್‌ರಾಯರಿದ್ದರೆ ಕಾಫಿಗೆ ಕರೆದು ಅವರ ಪಟ್ಟಿಯನ್ನು ಪೂರ್ತಿ ಓದಿ, ಅದರ ಮಾಹಿತಿ ಬಹುಮಟ್ಟಿಗೆ ಸರಿಯಾಗಿಯೇ ಇರುತ್ತದೆ. ಅಂಗಡಿಗೆ ಮಾತ್ರ ಒಬ್ಬರೇ ಹೋಗಿ, ಹೋದ ದಿನವೇ ಕೊಂಡು ಬನ್ನಿ.