ವಿರಾಮಕ್ಷಯ ಮೀಮಾಂಸೆ

ಬರಹದಲ್ಲಿ ಅಲ್ಪವಿರಾಮ, ಅರ್ಧವಿರಾಮ, ಪೂರ್ಣವಿರಾಮ ಮೊದಲಾದ ಲೇಖನ ಚಿಹ್ನೆಗಳು ದಿನೇ ದಿನೇ ಸವೆದು ಕಾಣೆಯಾಗುವ ಸ್ಥಿತಿಗೆ ವಿರಾಮಕ್ಷಯ ಎಂದು ಹೆಸರು. ಇದು ಮುಖ್ಯವಾಗಿ ಹೆಬ್ಬೆರಳಿಗೆ ತಗಲುವ ರೋಗ. ರೋಗಿಗೆ ನೋವಿಲ್ಲ, ನೋವೆಲ್ಲ ಓದುವವರದು. ಮೊದಲ ಹಂತದಲ್ಲಿ ಅರ್ಧವಿರಾಮ ಹೋಗುತ್ತದೆ. ಅದು ಇದ್ದದ್ದೇ ಹೆಚ್ಚಿನವರಿಗೆ ಗೊತ್ತಿಲ್ಲವಾದ್ದರಿಂದ ಹೋದದ್ದೂ ಗೊತ್ತಾಗುವುದಿಲ್ಲ. ಎರಡನೆಯ ಹಂತದಲ್ಲಿ ಅಲ್ಪವಿರಾಮ, ಮೂರನೆಯದರಲ್ಲಿ ಪ್ರಶ್ನಾರ್ಥಕ ಚಿಹ್ನೆ. ಪೂರ್ಣವಿರಾಮವೂ ಉದುರಿದ ಮೇಲೆ ರೋಗಿಯ ಇಡೀ ದಿನದ ಮಾತೆಲ್ಲ ಒಂದೇ ವಾಕ್ಯವಾಗಿ ಹರಿಯುತ್ತದೆ. ಮಧ್ಯದಲ್ಲಿ ಅವನು ನಿದ್ದೆ ಮಾಡಿ ಎದ್ದರೂ ವಾಕ್ಯ ಮುಗಿದಿರುವುದಿಲ್ಲ.

ಚಿಹ್ನೆಗಳ ಪೂರ್ವೋತ್ತರ ಸಂಕ್ಷಿಪ್ತವಾಗಿ ಹೀಗಿದೆ. ಅಲೆಕ್ಸಾಂಡ್ರಿಯದ ಗ್ರಂಥಾಲಯದ ಮುಖ್ಯಸ್ಥನಾಗಿದ್ದ ಬೈಜಾಂಟಿಯಮ್ಮಿನ ಅರಿಸ್ಟೋಫನೀಸ್ ಕ್ರಿಸ್ತಪೂರ್ವದಲ್ಲೇ ಸಾಲಿನ ಕೆಳಗೆ, ನಡುವೆ, ಮೇಲೆ ಎಂದು ಮೂರು ಎತ್ತರಗಳಲ್ಲಿ ಚುಕ್ಕಿಯಿಟ್ಟು, ಓದುವವನು ಎಷ್ಟೆಷ್ಟು ಹೊತ್ತು ಉಸಿರು ತೆಗೆದುಕೊಳ್ಳಬಹುದೆಂದು ಗೊತ್ತುಮಾಡಿದ. ಇಂದು ರೂಢಿಯಲ್ಲಿರುವ ಅರ್ಧವಿರಾಮ 1490ರ ದಶಕದಲ್ಲಿ ವೆನಿಸ್ಸಿನ ಮುದ್ರಕ ಆಲ್ಡಸ್ ಮನೂಟಿಯಸ್ಸನ ಅಚ್ಚುಕೂಟದಲ್ಲಿ ಹುಟ್ಟಿತು. ಕನ್ನಡದಲ್ಲಿ ಆಗ ಇಂಥ ಯಾವ ಗಡಿಬಿಡಿಯೂ ಇರಲಿಲ್ಲ. ಶಾಸನದ ಕಲ್ಲಿನಲ್ಲಿ, ತಾಳೆಗರಿಯಲ್ಲಿ ಪದಕ್ಕೆ ಪದ ಅಂಟಿಕೊಂಡೇ ಸಾಗುತ್ತಿತ್ತು. ಪದ್ಯದ ಕೊನೆಗೆ ಒಂದೆರಡು ದಂಡ ನಿಲ್ಲಿಸಿದರೆ ಅದೇ ಹೆಚ್ಚು. ಕೇಶಿರಾಜನು 13ನೇ ಶತಮಾನದ ಶಬ್ದಮಣಿದರ್ಪಣದಲ್ಲಿ ಸಂಧಿ, ನಾಮ, ಸಮಾಸ, ತದ್ಧಿತ, ಆಖ್ಯಾತ, ಧಾತುಗಳಿಂದ ಹಿಡಿದು ಅವ್ಯಯದವರೆಗೆ ಪ್ರಕರಣಗಳನ್ನು ಬರೆದ. ಅಲ್ಪವಿರಾಮಕ್ಕೆ ಒಂದು ಸೂತ್ರವನ್ನೂ ಖರ್ಚು ಮಾಡಲಿಲ್ಲ. ಪದ್ಯದ ನಡುವೆ ನಿಲ್ಲಬೇಕಾದ ಜಾಗಕ್ಕೆ ಛಂದಸ್ಸಿನವರು ಯತಿ ಎಂದು ಹೆಸರಿಟ್ಟಿದ್ದರಾದರೂ, ಆ ಯತಿಯನ್ನು ದಾಟಿ ಹೋಗುವುದೇ ಕನ್ನಡದ ಹೆಗ್ಗಳಿಕೆ ಎಂಬ ಹಳೆಯ ಮಾತೂ ಇದೆ. ಸಿಗ್ನಲ್ ಹಾರಿಸುವವರು ತಮ್ಮ ಪರಂಪರೆ ಎಷ್ಟು ಹಿಂದಿನದೆಂದು ತಿಳಿದರೆ ದಂಡ ಕಟ್ಟುವಾಗ ಇನ್ನಷ್ಟು ತಲೆಯೆತ್ತಿ ನಿಲ್ಲಬಹುದು.

19ನೇ ಶತಮಾನದಲ್ಲಿ ಪಾದ್ರಿಗಳೂ ಅಚ್ಚಿನ ಮೊಳೆಗಳೂ ಬಂದವು, ಜೊತೆಗೆ ಇಂಗ್ಲಿಷಿನ ಚಿಹ್ನೆಗಳೂ ಬಂದವು. 1843ರಲ್ಲಿ ಮಂಗಳೂರ ಸಮಾಚಾರ ಹೊರಟ ಮೇಲೆ ಕನ್ನಡಿಗರಿಗೆ ಪತ್ರಿಕೆ ಓದುವ ಅಭ್ಯಾಸವಾಯಿತು, ಚುಕ್ಕಿಯ ಹತ್ತಿರ ನಿಲ್ಲುವ ಅಭ್ಯಾಸವೂ ಮೆಲ್ಲಗೆ ಬೆಳೆಯಿತು.

ಇಲ್ಲಿ ವ್ಯಾಕರಣದ ಒಂದು ಸಂಗತಿಯನ್ನು ಬಿಡಿಸಿ ಹೇಳಬೇಕು. ಕನ್ನಡಕ್ಕೆ ಈ ಚಿಹ್ನೆಗಳ ತೀರಾ ಹಂಗು ಇರಲಿಲ್ಲ, ಕೆಲಸವನ್ನು ಪದದ ಬಾಲವೇ ಮಾಡುತ್ತಿತ್ತು. ಕ್ರಿಯಾಪದ ವಾಕ್ಯದ ಕೊನೆಗೆ ಬಂದು ಕೂರುವುದರಿಂದ ‘ಬಂದನು’ ಎಂದರೆ ಮಾತು ಮುಗಿಯಿತು. ‘ಬಂದನೇ’ ಎಂದರೆ ಅದು ಪ್ರಶ್ನೆ, ಕೊಕ್ಕೆಯ ಚಿಹ್ನೆ ಬೇಕಿಲ್ಲ. ‘ಎಂದು’ ಬಂದರೆ ಇನ್ನೊಬ್ಬರ ಮಾತು ಅಲ್ಲಿಗೆ ಮುಗಿಯಿತು, ಉದ್ಧರಣ ಚಿಹ್ನೆ ಬೇಕಿಲ್ಲ. ‘ಅಕ್ಕಿಯೂ ಬೇಳೆಯೂ ಬೆಲ್ಲವೂ’ ಎಂದರೆ ಮೂರೂ ಬೇರೆ ಬೇರೆ ಪೊಟ್ಟಣಗಳಾಗಿ ನಿಲ್ಲುತ್ತವೆ. ಅಚ್ಚಿನ ಚಿಹ್ನೆ ಬಂದ ಮೇಲೆ ಬಾಲಗಳಿಗೆ ನಿವೃತ್ತಿ ಕೊಡಲಾಯಿತು. ‘ಊ’ಗಳು ಉದುರಿ ಅಕ್ಕಿ, ಬೇಳೆ, ಬೆಲ್ಲ ಉಳಿದವು. ಈಗ ಚಿಹ್ನೆಗಳೂ ಹೊರಟು ಅಕ್ಕಿ ಬೇಳೆ ಬೆಲ್ಲ ಒಟ್ಟಿಗೆ ಬೆರೆತಿವೆ. ಹಳೆಯ ನೌಕರ ಊರಿಗೆ ಹೋಗಿಯಾಗಿದೆ, ಹೊಸಬ ಹೇಳದೆ ಕೇಳದೆ ಬಿಟ್ಟಿದ್ದಾನೆ, ಅಂಗಡಿ ಮಾತ್ರ ತೆರೆದೇ ಇದೆ.

ರೋಗದ ತೀವ್ರತೆಯನ್ನು ಅರಿಯಲು ಒಂದು ಪಠ್ಯವನ್ನು ಪರೀಕ್ಷಿಸಬಹುದು. ಸಂಜೆ ಕಚೇರಿಯಿಂದ ಹೊರಟ ಗಂಡನ ಫೋನಿಗೆ ಮನೆಯಿಂದ ಬಂದದ್ದು: ‘ರೀ ಅತ್ತೆ ಬಂದಿದಾರೆ ಹಾಲಿಲ್ಲ ತನ್ನಿ ಬೇಡ ತಂದ್ರು ಮೊಸರು ಸಾಕಾ’. ಈ ಒಂಬತ್ತು ಪದಗಳ ಬಗ್ಗೆ ವ್ಯಾಖ್ಯಾನಕಾರರಲ್ಲಿ ಒಮ್ಮತವಿಲ್ಲ. ಕ್ಷೀರವಾದಿಗಳ ಪ್ರಕಾರ ‘ತಂದ್ರು’ ಆದ ಮೇಲೆ ನಿಲ್ಲಬೇಕು. ಅತ್ತೆ ಬರುವಾಗ ಹಾಲು ತಂದಿದ್ದಾರೆ, ಗಂಡ ತರಬೇಕಿಲ್ಲ, ಮೊಸರು ಇರುವಷ್ಟು ಸಾಕೇ ಎಂಬುದಷ್ಟೇ ಪ್ರಶ್ನೆ. ದಧಿವಾದಿಗಳು ‘ತಂದ್ರು ಮೊಸರು’ ಎಂಬುದನ್ನು ಒಂದೇ ಉಸಿರಿನಲ್ಲಿ ಓದುತ್ತಾರೆ. ಅತ್ತೆ ತಂದದ್ದು ಮೊಸರು, ಇವತ್ತಿಗೆ ಅದರಲ್ಲೇ ಸುಧಾರಿಸಿಕೊಳ್ಳೋಣವೇ ಎಂಬುದು ಇಂಗಿತ. ಹಾಗಾದರೆ ಕಾಫಿಗೆ ಏನು ಮಾಡುವುದು ಎಂಬ ಆಕ್ಷೇಪಕ್ಕೆ ಅವರಲ್ಲಿ ಉತ್ತರವಿಲ್ಲ. ಅತ್ತೆ ಎಂದರೆ ಬರೆದವಳ ಅತ್ತೆಯೋ ಓದಿದವನ ಅತ್ತೆಯೋ ಎಂಬ ಮೂಲಭೂತ ಸಂಶಯವೂ ಇದೆ. ಅದನ್ನು ಆಲ್ಡಸ್ಸನ ಇಡೀ ಅಚ್ಚುಕೂಟವೂ ಬಗೆಹರಿಸಲಾರದು. ಗಂಡ ಹಾಲನ್ನೂ ಮೊಸರನ್ನೂ ಎರಡೆರಡು ಪ್ಯಾಕೆಟ್ ಕೊಂಡು ಸಮನ್ವಯ ಮಾರ್ಗ ಹಿಡಿದ. ಮನೆ ತಲುಪಿದ ಮೇಲೆ ಅವನಿಗಾದ ಸತ್ಕಾರ ಈ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ.

ಇನ್ನು ಕಾರಣ ವಿಚಾರ. ಅವಸರದ ಬದುಕೇ ಕಾರಣವೆಂಬುದು ಪೂರ್ವಪಕ್ಷ. ಇದಕ್ಕೆ ಟೆಲಿಗ್ರಾಂ ಸಾಕ್ಷಿ. ಪದಕ್ಕಿಷ್ಟು ಎಂದು ದುಡ್ಡು ತೆರಬೇಕಿದ್ದ ಕಾಲದಲ್ಲಿ ‘ಮದರ್ ಸೀರಿಯಸ್ ಸ್ಟಾರ್ಟ್ ಇಮ್ಮೀಡಿಯೆಟ್ಲಿ’ ಎಂದು ನಾಲ್ಕೇ ಪದ ಬರುತ್ತಿದ್ದವು. ನಡುವೆ ಒಂದು ಚುಕ್ಕಿಯೂ ಇರುತ್ತಿರಲಿಲ್ಲ, ಮನೆಮಂದಿಯೆಲ್ಲ ರಾತ್ರಿ ಬಸ್ಸಿಗೆ ನಿಲ್ಲುತ್ತಿದ್ದರು. ಭಾರತದಲ್ಲಿ ಆ ಸೇವೆ 2013ರ ಜುಲೈಯಲ್ಲಿ ನಿಂತಿತು, ಶೈಲಿ ನಿಲ್ಲಲಿಲ್ಲ. 1992ರಲ್ಲಿ ಹುಟ್ಟಿದ ಎಸ್ಸೆಮ್ಮೆಸ್ಸು ಇಂಗ್ಲಿಷಿಗೆ 160 ಅಕ್ಷರ ಕೊಟ್ಟರೆ ಕನ್ನಡ ಲಿಪಿಗೆ 70 ಮಾತ್ರ ಕೊಟ್ಟು, ಒತ್ತು ದೀರ್ಘಗಳಿಗೂ ಲೆಕ್ಕ ಹಿಡಿಯಿತು. ಅಲ್ಲಿ ಅಲ್ಪವಿರಾಮ ಹಾಕುವುದು ದುಂದುಗಾರಿಕೆಯೇ ಸರಿ. ಆದರೆ ಈಗ ಎಷ್ಟು ಬರೆದರೂ ಖರ್ಚು ಒಂದೇ. ಆದರೂ ಸಾವಿಗೂ ನೌಕರಿಯ ಆದೇಶಕ್ಕೂ ಮೀಸಲಾಗಿದ್ದ ಆ ಶೈಲಿ ಕೊತ್ತಂಬರಿ ಸೊಪ್ಪಿಗೆ ಇಳಿದಿದೆ.

ಪೂರ್ವಪಕ್ಷಕ್ಕೆ ದೊಡ್ಡ ತೊಡಕು ಕ್ರಯಪತ್ರ. ‘ಸದರಿ ಸ್ವತ್ತನ್ನು’ ಎಂದು ಹೊರಟ ವಾಕ್ಯ ಚಕ್ಕುಬಂದಿಯ ನಾಲ್ಕೂ ದಿಕ್ಕು ಸುತ್ತಿ, ವಂಶವೃಕ್ಷ ಹತ್ತಿ ಇಳಿದು, ಮೂರನೆಯ ಪುಟದಲ್ಲಿ ಕ್ರಿಯಾಪದವನ್ನು ಮುಟ್ಟುತ್ತದೆ. ದಾರಿಯಲ್ಲಿ ಎಲ್ಲೂ ತಂಗುವುದಿಲ್ಲ. ಬರೆಯುವ ಪತ್ರ ಬರಹಗಾರನಿಗಾಗಲಿ, ಉಪನೋಂದಣಾಧಿಕಾರಿಯ ಕಚೇರಿಯ ಬೆಂಚಿನ ಮೇಲೆ ಬೆಳಗಿನಿಂದ ಕೂತ ಕೊಳ್ಳುವವನಿಗಾಗಲಿ ಅಲ್ಲಿ ಯಾವ ಅವಸರವೂ ಇಲ್ಲ. ಆದ್ದರಿಂದ ಅವಸರವಿಲ್ಲದೆಯೂ ವಿರಾಮಕ್ಷಯ ಸಾಧ್ಯ. ಮೇಲಾಗಿ ಅವಸರದಿಂದ ಉಳಿದ ಸಮಯವಾದರೂ ಎಲ್ಲಿ? ಒಂದು ಚುಕ್ಕಿ ಒತ್ತದೆ ಉಳಿಸಿದ ಕ್ಷಣ, ‘ಏನು ಬರೆದಿದ್ದೀಯ, ಹಾಲು ತರಲೋ ಬೇಡವೋ’ ಎಂದು ಫೋನಿನಲ್ಲಿ ಕೇಳುವುದರಲ್ಲಿ ಬಡ್ಡಿ ಸಮೇತ ತೀರಿಹೋಗುತ್ತದೆ.

ಸಿದ್ಧಾಂತ ಪಕ್ಷ ಹೀಗೆ: ನಿಲುಗಡೆಗೆ ನಾಶವಿಲ್ಲ, ಸ್ಥಳಾಂತರ ಮಾತ್ರ ಇದೆ. ಬರಹದಿಂದ ಎಬ್ಬಿಸಿದ ನಿಲುಗಡೆಗಳೆಲ್ಲ ರಸ್ತೆಗೆ ಬಂದು ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್, ಹೆಬ್ಬಾಳ, ಟಿನ್ ಫ್ಯಾಕ್ಟರಿಗಳಲ್ಲಿ ಜಮೆಯಾಗಿವೆ. ಜನ ಪತ್ರದಲ್ಲಿ ‘ಉಭಯಕುಶಲೋಪರಿ’ ಎಂದು ಬರೆದು, ನಿಂತು, ಮುಂದಿನ ಸಾಲಿಗೆ ಹೋಗುತ್ತಿದ್ದ ಕಾಲದಲ್ಲಿ ಅದೇ ರಸ್ತೆಗಳು ಖಾಲಿಯಾಗಿದ್ದವು ಎಂಬುದರಿಂದ ಕಾರ್ಯಕಾರಣ ಸಂಬಂಧ ಸಿದ್ಧಿಸುತ್ತದೆ. ಕೆಂಪು ದೀಪದ ಕೆಳಗೆ ನಿಂತವರು ಆ ಹೊತ್ತನ್ನು ಚುಕ್ಕಿಯಿಲ್ಲದ ಸಂದೇಶ ಒತ್ತಲು ಬಳಸುವುದರಿಂದ ನಿಲುಗಡೆ ಮತ್ತಷ್ಟು ಹೆಚ್ಚುತ್ತದೆ. ಇದು ಬೀಜವೃಕ್ಷ ನ್ಯಾಯ. ಸರ್ಕಾರಿ ಬಸ್ಸಿನ ಕಂಡಕ್ಟರ್ ಒಬ್ಬನೇ ಹಳೆಯ ಶಿಸ್ತನ್ನು ಉಳಿಸಿಕೊಂಡವನು. ಒಂದು ಸೀಟಿ ಪೂರ್ಣವಿರಾಮ, ಎರಡು ಸೀಟಿ ಅದರ ರದ್ದತಿ.

ಅಳಿದುಳಿದ ಚಿಹ್ನೆಗಳ ಗತಿಯೂ ವಿಚಿತ್ರ. ಭಾವಸೂಚಕ ಚಿಹ್ನೆ ಒಂಟಿಯಾಗಿ ಬದುಕಲಾರದೆ ಫ್ಲೆಕ್ಸುಗಳಲ್ಲಿ ಹಿಂಡು ಕಟ್ಟಿಕೊಂಡಿದೆ. ನಾಯಕರು ದೊಡ್ಡವರಾದಷ್ಟೂ ಹುಟ್ಟುಹಬ್ಬದ ಶುಭಾಶಯದ ಹಿಂದೆ ಅದರ ಸಂಖ್ಯೆ ಬೆಳೆಯುತ್ತದೆ. ಚುಕ್ಕಿಗಳ ಸಾಲು ಹಿರಿಯರ ಸ್ವತ್ತು. ‘ಆರೋಗ್ಯ ಹೇಗಿದೆ......’ ಎಂದು ಊರಿಂದ ದೊಡ್ಡಪ್ಪ ಕೇಳಿದರೆ ಆ ಆರು ಚುಕ್ಕಿಗಳಲ್ಲಿ ಬಾಕಿ ಉಳಿದ ಆಸ್ತಿ ಪಾಲಿನ ಸೂಚನೆ ಇದೆಯೇ ಎಂದು ಇಡೀ ಮನೆ ತಲೆ ಕೆಡಿಸಿಕೊಳ್ಳುತ್ತದೆ. ಪೂರ್ಣವಿರಾಮದ ಜಾಗಕ್ಕೆ 2010ರಲ್ಲಿ ಯುನಿಕೋಡ್ ಸೇರಿದ ಕೈಮುಗಿದ ಎಮೋಜಿ ಬಂದಿದೆ. ನಮಸ್ಕಾರ, ಧನ್ಯವಾದ, ಸಂತಾಪ, ‘ಇನ್ನು ಸಾಕು ಮಾರಾಯ’, ನಾಲ್ಕೂ ಅದೊಂದರಲ್ಲೇ ಅಡಕ. ನಿಜವಾದ ಪೂರ್ಣವಿರಾಮ ಈಗ ಸಿಟ್ಟಿನ ಚಿಹ್ನೆ. ‘ಸರಿ’ ಎಂದರೆ ಸರಿ, ‘ಸರಿ.’ ಎಂದರೆ ಏನೋ ಸರಿಯಿಲ್ಲ. ಅಪ್ಪ ಶಾಲೆಯಲ್ಲಿ ಕಲಿತಂತೆ ಚುಕ್ಕಿಯಿಟ್ಟು ಉತ್ತರಿಸಿದ್ದಕ್ಕೆ ಹಾಸ್ಟೆಲಿನಲ್ಲಿರುವ ಮಗಳು ಗಾಬರಿಯಿಂದ ಅಮ್ಮನಿಗೆ ಫೋನು ಮಾಡುವುದುಂಟು.

ಚಿಕಿತ್ಸೆಯ ವಿಷಯದಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಹಲವು ಫೋನುಗಳಲ್ಲಿ ಖಾಲಿ ಜಾಗದ ಕೀಲಿಯನ್ನು ಎರಡು ಸಲ ಒತ್ತಿದರೆ ಚುಕ್ಕಿ ತಾನಾಗಿ ಬೀಳುತ್ತದೆ. ರೋಗಿಗಳು ಅದನ್ನು ಫೋನು ಕೆಟ್ಟ ಲಕ್ಷಣವೆಂದು ತಿಳಿದು ಅಳಿಸುತ್ತಾರೆ. ಆರೋಗ್ಯವಂತ ಚಿಹ್ನೆಗಳ ಸಂಪೂರ್ಣ ಸಂಗ್ರಹ ಈಗ ಪ್ರೌಢಶಾಲೆಯ ಕನ್ನಡ ಪಠ್ಯದ ವ್ಯಾಕರಣ ಭಾಗದಲ್ಲಿದೆ. ಅರ್ಧವಿರಾಮವನ್ನು ಜೀವಂತವಾಗಿ ನೋಡಬಯಸುವವರು ಎಸ್‌ಎಸ್‌ಎಲ್‌ಸಿ ಪರೀಕ್ಷೆ ಮುಗಿಯುವುದರೊಳಗೆ ನೋಡಿಕೊಳ್ಳಬೇಕು. ಆಮೇಲೆ ಶಾಲೆ ಮತ್ತೆ ತೆರೆಯುವವರೆಗೆ ಅದು ಕಾಣಿಸಿಕೊಳ್ಳುವುದಿಲ್ಲ.