ಚಾರ್ಜ್ ಲಿಸ್ಟಿಗೊಂದು ಷರಾ

ಕೃತಕ ಬುದ್ಧಿಮತ್ತೆಯ ಏಜೆಂಟ್ ಎಂದರೆ ಕೇಳಿದ್ದಕ್ಕೆ ಉತ್ತರ ಕೊಟ್ಟು ಸುಮ್ಮನಾಗದೆ, ಒಪ್ಪಿಸಿದ ಕೆಲಸಕ್ಕಾಗಿ ತಾನೇ ಕಡತಗಳನ್ನು ತೆರೆದು, ಆದೇಶಗಳನ್ನು ನಡೆಸಿ, ಫಲಿತಾಂಶ ನೋಡಿಕೊಂಡು ಮುಂದುವರಿಯುವ ತಂತ್ರಾಂಶ. ಅದು ಯಾವ ಭಾಷಾ ಮಾದರಿಯನ್ನು ಬಳಸಬೇಕು, ಯಾವ ಸೂಚನೆಗಳಿಗೆ ಬದ್ಧವಾಗಿರಬೇಕು, ಏನನ್ನು ಮುಟ್ಟಬಹುದು ಎಂಬ ಹೊಂದಿಕೆಗಳನ್ನೆಲ್ಲ ಒಂದು ಹೆಸರಿನಲ್ಲಿ ಕಟ್ಟಿಟ್ಟದ್ದು ಪ್ರೀಸೆಟ್. ಈ ಕಟ್ಟನ್ನು ಒಂದೆಡೆಯಿಂದ ತೆಗೆದು ಮತ್ತೊಂದೆಡೆ ಬಳಸಬಹುದಾದ ರೂಪದಲ್ಲಿ ಬರೆದುಕೊಡುವ, ಅಂದರೆ ಎಕ್ಸ್‌ಪೋರ್ಟ್ ಮಾಡುವ ಉಪಕರಣವೊಂದಕ್ಕೆ ಕೈಪಿಡಿ ಬರೆಯುವ ಹೊಣೆ ಬೆಂಗಳೂರಿನ ತಾಂತ್ರಿಕ ಬರಹಗಾರ್ತಿ ವಿಶಾಲಾಳದಾಗಿತ್ತು. ಕರಡನ್ನು ತಿದ್ದುವ ಹೊಣೆಯನ್ನು, ಯಾರೂ ಒಪ್ಪಿಸದಿದ್ದರೂ, ಆಕೆಯ ಸೋದರಮಾವ, ತಾಲ್ಲೂಕು ಕಚೇರಿಯ ನಿವೃತ್ತ ಶಿರಸ್ತೇದಾರ ಶೇಷಗಿರಿಯವರು ಕೆಂಪು ಪೆನ್ನಿನ ಸಮೇತ ವಹಿಸಿಕೊಂಡಿದ್ದರು.

“ಉಪಕರಣವು ಎಲ್ಲವನ್ನೂ ಎಕ್ಸ್‌ಪೋರ್ಟ್ ಮಾಡುತ್ತದೆ ಎಂದು ಮೊದಲ ಸಾಲಿನಲ್ಲೇ ಬರೆದಿದ್ದೀಯಲ್ಲ, ವಿಶಾಲೂ, ಎಲ್ಲವನ್ನೂ ಎಂದರೆ ಏನೇನು?”

“ಸೂಚನೆಗಳು, ಮಾದರಿಯ ಹೆಸರು, ಅನುಮತಿಗಳ ಪಟ್ಟಿ, ಎಂಸಿಪಿ ಸರ್ವರ್‌ಗಳ ವಿಳಾಸ, ಮಾವ,” ಎಂದ ವಿಶಾಲಾ, ಎಂಸಿಪಿ ಎಂಬುದು ಏಜೆಂಟನ್ನು ಹೊರಗಿನ ದತ್ತಾಂಶಕ್ಕೂ ಉಪಕರಣಗಳಿಗೂ ಜೋಡಿಸಲೆಂದು ಆಂಥ್ರೊಪಿಕ್ ಸಂಸ್ಥೆ 2024ರ ನವೆಂಬರಿನಲ್ಲಿ ಪ್ರಕಟಿಸಿದ ಸಂಪರ್ಕ ನಿಯಮಾವಳಿಯೆಂದು ಬಿಡಿಸಿ ಹೇಳಿದಳು.

“ಬೀಗದ ಕೈ?”

ಅವರು ಕೇಳಿದ್ದು ಎಪಿಐ ಕೀ ಕುರಿತು, ಅಂದರೆ ಸೇವೆ ಒದಗಿಸುವ ಸಂಸ್ಥೆಯು ಬಳಕೆದಾರನನ್ನು ಗುರುತಿಸಿ ಅವನ ಲೆಕ್ಕಕ್ಕೇ ಬಿಲ್ ಹಾಕಲು ಕೊಡುವ ಗುಟ್ಟಿನ ಅಕ್ಷರಮಾಲೆಯ ಕುರಿತು. ಅದು ಹೋಗುವುದಿಲ್ಲ, ಹೋಗಲೂಬಾರದು, ಅದನ್ನು ಇಟ್ಟಿರುವ ಜಾಗದ ಹೆಸರು ಮಾತ್ರ ಹೋಗುತ್ತದೆ ಎಂದು ವಿಶಾಲಾ ಒಪ್ಪಿಕೊಳ್ಳುವಷ್ಟರಲ್ಲಿ “ಎಲ್ಲವನ್ನೂ” ಎಂಬ ಪದದ ಮೇಲೆ ಕೆಂಪು ಗೆರೆ ಬಿದ್ದಾಗಿತ್ತು.

“ವರ್ಗವಾದ ಅಧಿಕಾರಿ ಚಾರ್ಜ್ ಕೊಡುವಾಗ ಕೊಟ್ಟದ್ದರ ಪಟ್ಟಿಗಿಂತ ಕೊಡದೆ ಉಳಿದದ್ದರ ಪಟ್ಟಿ ಮುಖ್ಯ, ತಾಯಿ. ಬೀರುವಿನ ಬೀಗದ ಕೈ ಇದರಲ್ಲಿ ಸೇರಿಲ್ಲ ಎಂದು ಬರೆಯದಿದ್ದರೆ, ಬಂದವನು ನಿವೃತ್ತನಾಗುವವರೆಗೂ ಮೇಜಿನ ಖಾನೆಗಳನ್ನೇ ತಡಕುತ್ತಿರುತ್ತಾನೆ.”

ಮುಂದಿನ ಪುಟದಲ್ಲಿ ಒಂದೇ ಪ್ರೀಸೆಟ್ಟಿನಿಂದ ಹಲವು ಕಡತಗಳು ಹುಟ್ಟುವ ವಿವರಣೆಯಿತ್ತು. ಕ್ಲಾಡ್ ಕೋಡ್ ಎಂಬ ಏಜೆಂಟ್ ತನ್ನ ಸೂಚನೆಗಳನ್ನು ‘ಕ್ಲಾಡ್ ಡಾಟ್ ಎಂಡಿ’ ಎಂಬ ಕಡತದಲ್ಲಿ ಹುಡುಕುತ್ತದೆ, ಗಿಟ್‌ಹಬ್ ಕೋಪೈಲಟ್ಟಿಗೆ ಬೇರೊಂದು ಕಡತವಿದೆ, ಇನ್ನು ಹಲವು ಏಜೆಂಟುಗಳು ‘ಏಜೆಂಟ್ಸ್ ಡಾಟ್ ಎಂಡಿ’ ಎಂಬ ಸಾಮಾನ್ಯ ಹೆಸರನ್ನು ಒಪ್ಪಿಕೊಂಡಿವೆ. ಇರುವ ಮಾತು ಒಂದೇ ಆದರೂ ನಮೂನೆಗಳು ಹಲವೆಂದು ತಿಳಿದ ಶೇಷಗಿರಿಯವರಿಗೆ, ಸರ್ಕಾರದ ಪದ್ಧತಿ ಕೊನೆಗೂ ಖಾಸಗಿಯವರಿಗೆ ಮನದಟ್ಟಾಯಿತೆಂಬ ಸಮಾಧಾನ ಉಂಟಾಯಿತು.

“ಆ ಹೆಸರಿನ ಕಡತ ಅಲ್ಲಿ ಮೊದಲೇ ಇದ್ದರೆ?”

“ಹಳೆಯದನ್ನು ಅಳಿಸಿ ಹೊಸದನ್ನು ಬರೆಯುತ್ತದೆ.”

“ಕೇಳದೆ?”

“ಕೇಳದೆ. ಆದರೆ ಎಚ್ಚರಿಕೆಯನ್ನು ಕೊನೆಯ ಪುಟದ ಅಡಿಟಿಪ್ಪಣಿಯಲ್ಲಿ ಕೊಟ್ಟಿದೆ, ಮಾವ.”

“ಕಡತ ಹಾಳಾದ ಮೇಲೆ ತೆರೆಯುವ ಪುಟದಲ್ಲಿರುವುದಕ್ಕೆ ಎಚ್ಚರಿಕೆ ಎನ್ನುವುದಿಲ್ಲ, ಸಂತಾಪ ಸೂಚನೆ ಎನ್ನುತ್ತಾರೆ.”

ಅದು ಎಲ್ಲರಿಗೂ ಗೊತ್ತಿರುವ ವಿಷಯವೆಂದು ಪ್ರೋಗ್ರಾಮರುಗಳು ಹೇಳಿದ್ದಾರೆ ಎಂದು ವಿಶಾಲಾ ಸಮರ್ಥಿಸಿಕೊಂಡಳು. ಉಪಕರಣವನ್ನು ಕಟ್ಟಿದವರಿಗೆ ಎಲ್ಲರೂ ಎಂದರೆ ಅಕ್ಕಪಕ್ಕದ ಕುರ್ಚಿಯವರೇ ಆಗಿರುವುದರಿಂದ ಇಂಥ ಹೇಳಿಕೆಯನ್ನು ಸುಳ್ಳೆನ್ನಲಾಗದು. ಆದರೆ ಶೇಷಗಿರಿಯವರು ಅಷ್ಟು ಉದಾರಿಗಳಾಗಿರಲಿಲ್ಲ.

“ಎಲ್ಲರಿಗೂ ಗೊತ್ತಿದ್ದರೆ ನಿನಗೆ ಸಂಬಳ ಯಾಕೆ ಕೊಡುತ್ತಾರೆ?”

ಕಡತದ ನಮೂನೆಯಾದ ಯಾಮಲ್ ಕುರಿತ ಅಧ್ಯಾಯವು ಇನ್ನೂ ದೊಡ್ಡ ತಕರಾರಿಗೆ ಎಡೆಮಾಡಿತು. ಹೊಂದಿಕೆಗಳನ್ನು ಮನುಷ್ಯರೂ ಓದುವಂತೆ ಸಾಲುಸಾಲಾಗಿ ಬರೆಯುವ ಈ ನಮೂನೆಯ 1.1ನೆಯ ಆವೃತ್ತಿಯ ಪ್ರಕಾರ, ಉದ್ಧರಣ ಚಿಹ್ನೆಯಿಲ್ಲದೆ ‘ನೋ’ ಎಂದು ಬರೆದರೆ ಅದು ಪದವಾಗಿ ಉಳಿಯದೆ ‘ಅಸತ್ಯ’ ಎಂಬ ತಾರ್ಕಿಕ ಮೌಲ್ಯವಾಗುತ್ತದೆ. ನಾರ್ವೆ ದೇಶದ ಸಂಕೇತಾಕ್ಷರಗಳೂ ಆ ಇಂಗ್ಲಿಷ್ ಪದದ ಎರಡು ಅಕ್ಷರಗಳೇ ಆಗಿರುವುದರಿಂದ, ದೇಶಗಳ ಪಟ್ಟಿಯಲ್ಲಿ ನಾರ್ವೆ ಇರಬೇಕಾದ ಕಡೆ ‘ಅಸತ್ಯ’ ಬಂದು ಕೂರುತ್ತದೆ. 2009ರ 1.2ನೆಯ ಆವೃತ್ತಿ ಇದನ್ನು ಸರಿಪಡಿಸಿದರೂ ಹಳೆಯ ನಿಯಮದಂತೆ ಓದುವ ತಂತ್ರಾಂಶಗಳು ಉಳಿದುಕೊಂಡಿವೆ.

“ಬದುಕಿರುವವನನ್ನು ದಾಖಲೆಯಲ್ಲಿ ಮೃತನೆಂದು ತೋರಿಸಿದ್ದನ್ನು ಸರ್ವಿಸಿನಲ್ಲಿ ಕಂಡದ್ದುಂಟು,” ಎಂದರು ಶೇಷಗಿರಿಯವರು, ತುಸು ಗೌರವದಿಂದಲೇ. “ಇಡೀ ದೇಶವನ್ನೇ ಸುಳ್ಳೆಂದು ಬರೆದವರನ್ನು ಕಂಡಿರಲಿಲ್ಲ. ಪರಿಹಾರ?”

“ಎರಡು ಉದ್ಧರಣ ಚಿಹ್ನೆಗಳು, ಮಾವ.”

“ಅಷ್ಟು ಅಗ್ಗದ ಪರಿಹಾರವನ್ನು ಉದಾಹರಣೆಯ ಸಮೇತ ಬರೆ. ಇದೇನಿದು, ಮಾದರಿಯ ಹೆಸರು ಶಾಶ್ವತವೇ?”

ಶಾಶ್ವತವಲ್ಲ, ಸಂಸ್ಥೆಗಳು ಹಳೆಯ ಮಾದರಿಗಳನ್ನು ಕಾಲಕಾಲಕ್ಕೆ ನಿವೃತ್ತಿಗೊಳಿಸುತ್ತವೆ, ಆ ಬಳಿಕ ಅದೇ ಹೆಸರು ಹೊತ್ತ ಪ್ರೀಸೆಟ್ ಕೆಲಸ ಮಾಡದೆ ದೋಷ ಸಂದೇಶವನ್ನಷ್ಟೇ ಹಿಂತಿರುಗಿಸುತ್ತದೆ ಎಂದು ವಿಶಾಲಾ ಹೇಳಿದಾಗ, ನಿವೃತ್ತರ ಹೆಸರಿಗೆ ಹೋದ ಕಾಗದಕ್ಕೆ ತಕ್ಷಣ ಉತ್ತರ ಬರುವ ಇಲಾಖೆಯೊಂದು ಲೋಕದಲ್ಲಿದೆಯೆಂದು ತಿಳಿದು ಆಕೆಯ ಮಾವ ಕೆಲಕಾಲ ಮೌನವಾದರು. ಅವರ ಪಿಂಚಣಿಯ ಪರಿಷ್ಕರಣೆಯ ಅರ್ಜಿ ಆಗಿನ್ನೂ ಬಾಕಿಯಿತ್ತು.

“ಇದನ್ನೆಲ್ಲ ಓದುವವರು ಯಾರು?”

“ಈಗೀಗ ಮನುಷ್ಯರಿಗಿಂತ ಹೆಚ್ಚಾಗಿ ಏಜೆಂಟುಗಳೇ ಓದುತ್ತವೇನೋ, ಮಾವ. ಬಳಕೆದಾರರು ಕೈಪಿಡಿಯನ್ನು ಅವುಗಳ ಮುಂದಿಟ್ಟು, ಓದಿ ನೀನೇ ಮಾಡು ಎನ್ನುತ್ತಾರೆ.”

“ಓದಿ ಆಕ್ಷೇಪಣೆ ಎತ್ತುತ್ತವೆಯೇ?”

“ಸಾಮಾನ್ಯವಾಗಿ ಇಲ್ಲ. ಬಹಳ ಚೆನ್ನಾಗಿದೆ ಎಂದು ಹೊಗಳಿ, ಬರೆದದ್ದನ್ನು ಬರೆದ ಹಾಗೆಯೇ ಮಾಡಿಬಿಡುತ್ತವೆ.”

ಶೇಷಗಿರಿಯವರು ಪೆನ್ನಿನ ಮುಚ್ಚಳವನ್ನು ಮತ್ತೆ ತೆರೆದರು.

“ಹಾಗಿದ್ದರೆ ಮೊದಲ ಪುಟದಿಂದ ಇನ್ನೊಮ್ಮೆ ನೋಡೋಣ, ಕೊಡು.”