ಮೀನಿಗೊಂದು ಪಂಚಾಂಗ

ಕೃಷ್ಣೆಯ ದಂಡೆಯ ನಮ್ಮ ಯಡೂರಿನಲ್ಲಿ ಮೀನು ತಿನ್ನಬೇಕೆನ್ನುವವರು ಎರಡು ಕಡೆ ಒಪ್ಪಿಗೆ ಕೇಳಬೇಕು. ಒಂದು ಪಂಚಾಂಗ, ಇನ್ನೊಂದು ಕೊಯ್ನಾ ಅಣೆಕಟ್ಟು. ಎರಡೂ ಒಟ್ಟಿಗೆ ‘ಹೂಂ’ ಅಂದದ್ದು ಅಪರೂಪ. 2019ರ ಆಗಸ್ಟ್‌ನಲ್ಲಿ ಕೃಷ್ಣೆ ದಂಡೆ ಮೀರಿ ಬಂದಾಗ ಮೀನುಗಳೇ ನಮ್ಮನ್ನು ಹುಡುಕಿಕೊಂಡು ಬಂದವು. ಆದರೆ ಅದು ಶ್ರಾವಣ, ತಿನ್ನುವವರೂ ಬಾಯಿ ಕಟ್ಟಿಕೊಂಡಿದ್ದರು. ಒಲೆಯಂತೂ ನೀರಿನಡಿ ಇತ್ತು. ಬೇಸಗೆಯಲ್ಲಿ ಪಂಚಾಂಗದ್ದೇನೂ ತಕರಾರಿಲ್ಲ, ಆಗ ಹೊಳೆಯೇ ಇರುವುದಿಲ್ಲ. ಕಲ್ಲೋಳ–ಯಡೂರು ಬ್ಯಾರೇಜಿನ ಹಿಂದಿನ ಮಡುವಿನಲ್ಲಿ ಉಳಿದಷ್ಟೇ ನೀರು, ಉಳಿದಷ್ಟೇ ಮೀನು. ಕೊಯ್ನಾದಿಂದ ನೀರು ಬಿಡಿರೆಂದು ನಮ್ಮ ಸರ್ಕಾರ ಮಹಾರಾಷ್ಟ್ರಕ್ಕೆ ಪತ್ರ ಬರೆಯುತ್ತದಲ್ಲ, ಅದರಲ್ಲಿ ಮೀನುಗಳ ಸಹಿಯೂ ಇರಬೇಕಾಗಿತ್ತು.

ಇಂಥ ಬೇಸಗೆಯಲ್ಲಿ ಪುಣೆಯಿಂದ ಬಂದ ಅಣ್ಣನ ಮಗ, ಸುಟ್ಟ ಮೀನಿನ ಮೇಲೆ ಮಾವಿನಹಣ್ಣಿನ ಸಾಲ್ಸಾ ಹಾಕಿ ತಿನ್ನಿಸುತ್ತೇನೆಂದು ಪಣ ತೊಟ್ಟ.

“ಕಾಕಾ, ಮನ್ಯಾಗ ಗ್ರಿಲ್ ಐತೇನ್ರಿ?”

“ಐತಲ್ಲಪಾ, ಎಲ್ಲಾ ಕಿಟಕಿಗೂ ಐತಿ.”

ಅವನ ಕಣ್ಣು ಹಪ್ಪಳ ಸುಡುವ ಜಾಳಿಗೆಯತ್ತ ಹೊರಳಿದ್ದೇ ತಡ, ನಮ್ಮ ಮನೆಯವರು ಅದನ್ನು ಸೆರಗಿನೊಳಗೆ ಅಡಗಿಸಿದರು. “ಮೀನಾ ಗೀನಾ ಏನಿದ್ರೂ ತ್ವಾಟದಾಗ. ಈ ಹೊಸ್ತಿಲಾ ದಾಟಿ ಒಳಗ ಬರೂಹಂಗಿಲ್ಲ.” ವೀರಭದ್ರ ದೇವರ ಊರಿನಲ್ಲಿ ಈ ತೀರ್ಪಿಗೆ ಮೇಲ್ಮನವಿ ಇಲ್ಲ.

ತೋಟದಲ್ಲಿ ಹಳೇ ಸೈಕಲ್ಲಿನ ಕ್ಯಾರಿಯರ್ ತಿಕ್ಕಿ ತೊಳೆದು ಮೂರು ಕಲ್ಲಿನ ಮೇಲಿಟ್ಟೆವು. ಮೊದಲು ಕಬ್ಬಿನ ರವದಿ ಹಚ್ಚಿದೆವು. ಅದು ಚುನಾವಣಾ ಭಾಷಣದ ಹಾಗೆ ಭರ್ರನೆ ಉರಿದು, ಒಂದು ಕೆಂಡವನ್ನೂ ಉಳಿಸದೆ ಆರಿತು. ಆಮೇಲೆ ಜಾಲಿ ಕಟ್ಟಿಗೆಗೆ ಶರಣಾದೆವು. ಮೀನು ಚಿಲಾಪಿ, ಅದರಲ್ಲಿ ಮುಳ್ಳು ಕಡಿಮೆ. ಅರಿಸಿನ, ಖಾರಪುಡಿ, ಉಪ್ಪು ಸವರಿ, ಎರಡೂ ಮಗ್ಗುಲಿಗೆ ಗೀರು ಹಾಕಿದ್ದಾಯಿತು. ಪಪ್ಪಾಯಿ ರಸದಲ್ಲಿ ನೆನೆಹಾಕೋಣವೆಂದ ಹುಡುಗನನ್ನು ತಡೆದೆ. ಆ ರಸ ಗಟ್ಟಿ ಮಟನ್ನನ್ನೇ ಮೆತ್ತಗೆ ಮಾಡುತ್ತದೆ, ಮೀನಂತೂ ಗಂಜಿಯಾದೀತು.

ಅಷ್ಟರಲ್ಲಿ ಬದುವಿನ ಮೇಲೆ ಸಲಹೆಗಾರರು ನೆರೆದರು. ಹುಟ್ಟಿದಾಗಿನಿಂದ ಮೀನು ಮುಟ್ಟದವರೇ ಹೆಚ್ಚು. “ತಿರುವಿ ಹಾಕ್ರೋ, ಹೊತ್ತತೈತಿ!” ಎಂದು ಅವರೆಲ್ಲ ಒಕ್ಕೊರಲಿನಿಂದ ಕೂಗಿದರು. ಮೀನಿನ ತೊಗಲು ಸರಿಯಾಗಿ ಬೆಂದರೆ ಕಬ್ಬಿಣವನ್ನು ತಾನೇ ಬಿಡುತ್ತದೆ, ಅವಸರಿಸಿದರೆ ಅರ್ಧ ಮೀನು ಕ್ಯಾರಿಯರಿಗೇ ನೈವೇದ್ಯ. ಇದನ್ನು ಸಸ್ಯಾಹಾರಿಗಳಿಗೆ ಒಪ್ಪಿಸುವುದು ಮೀನು ಹಿಡಿಯುವುದಕ್ಕಿಂತ ಕಷ್ಟ.

ಆಚೆ ಹುಡುಗ ಪರಾತದಲ್ಲಿ ಅರೆಹಣ್ಣು ಮಾವು, ಕಲ್ಲಂಗಡಿ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಕೊತಂಬರಿ ಸಣ್ಣಗೆ ಹೆಚ್ಚಿ, ಲಿಂಬೆಹಣ್ಣು ಹಿಂಡಿದ್ದ. ಮೊದಲೇ ಹಾಕಿದರೆ ನೀರು ಬಿಡುತ್ತದೆಂದು ಉಪ್ಪನ್ನು ಕೊನೆಗೆ ಉಳಿಸಿಕೊಂಡಿದ್ದ. “ಇದು ಮೆಕ್ಸಿಕೊದ್ದು ಕಾಕಾ” ಎಂದ. ಆಗಲಿ, ಮೆಣಸಿನಕಾಯಿಯೂ ಆ ಕಡೆಯದೇ, ಪೋರ್ಚುಗೀಸರ ಹಡಗು ಹತ್ತಿ ಬಂದದ್ದು. ಚಿಲಾಪಿ ಆಫ್ರಿಕಾದ್ದು, 1952ರಲ್ಲಿ ಭಾರತಕ್ಕೆ ಬಂತು. ಹುಡುಗ ಪುಣೆಯವನಾಗಿಬಿಟ್ಟಿದ್ದಾನೆ. ಲೆಕ್ಕ ಹಾಕಿದರೆ ಈ ಅಡುಗೆಯಲ್ಲಿ ಊರಿನವರು ಅಂತ ಉಳಿದದ್ದು ಮಾವು ಮತ್ತು ನಾನು.

‘ಸುಮ್ಮನೆ ನೋಡಾಕ’ ಬಂದ ನಮ್ಮ ಮನೆಯವರು ಪರಾತಕ್ಕೆ ಬಗ್ಗಿದರು. ಮೀನಿಗೆ ಮೈಲಿಗೆ ಇದ್ದರೂ ಮಾವಿಗಿಲ್ಲವಲ್ಲ. “ಪಚಡಿಗೆ ಶೇಂಗಾಪುಡಿ ಬ್ಯಾಡೇನೋ ತಮ್ಮಾ?” ಎಂದು, ಮನೆಯಿಂದಲೇ ತಂದಿದ್ದ ಪುಡಿ ಉದುರಿಸಿದರು. ಆ ಪುಡಿಯ ಡಬ್ಬಿಯ ಜೊತೆಗೆ ಜೋಳದ ರೊಟ್ಟಿಯ ಗಂಟೂ ಬಂದಿತ್ತೆಂಬುದು ಆಗ ತಿಳಿಯಿತು. ಸಲಹಾ ಸಮಿತಿ ಬದು ಇಳಿದು ಬಂತು.

ಮೀನು ಹದವಾಗಿ ಬೆಂದು ತಾನಾಗಿ ಕ್ಯಾರಿಯರ್ ಬಿಡುವ ಹೊತ್ತಿಗೆ ಪರಾತದಲ್ಲಿ ಲಿಂಬೆಯ ಬೀಜಗಳು ಮಾತ್ರ ಉಳಿದಿದ್ದವು. ನಾವಿಬ್ಬರೂ ಸುಟ್ಟ ಮೀನಿಗೆ ಬರೀ ಉಪ್ಪು ಸವರಿ ತಿಂದೆವು. ರುಚಿಯಾಗಿತ್ತು. ಹೊಗಳುವುದಕ್ಕೆ ಯಾರೂ ಇರಲಿಲ್ಲ, ಎಲ್ಲರ ಬಾಯೂ ಪಚಡಿಯನ್ನು ಹೊಗಳುವುದರಲ್ಲಿತ್ತು.

ಪರಾತ ತೊಳೆಯುತ್ತ ಮನೆಯವರು ಹೇಳಿದರು: “ಮುಂದಿನ ವರ್ಷಾನೂ ಮಾಡ್ರಿ. ಮೀನ ಸಿಗಲಿಲ್ಲಂದ್ರ ಅದಕ್ಯಾಕ ನಿಲ್ಲಸ್ತೀರಿ?”